ವಿಭಾಗದ ಸರ್ವರ್‌ಗಳ ಹೊಣೆ ನಿಮಗೆ ಬಂದಿದೆಯಾ? ಶುರು ಮಾಡುವುದು ಹೀಗೆ

ವಿಶ್ವವಿದ್ಯಾಲಯದ ಒಂದು ವಿಭಾಗಕ್ಕೆ ಸೀನಿಯರ್ ಸಿಸ್ಟಮ್ ಅಡ್ಮಿನ್ ಆಗಿ ಸೇರಿದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಹಿಂದೆ ಇದ್ದವರು ಹೋಗಿಬಿಟ್ಟಿದ್ದಾರೆ, ಏನೂ ಬರೆದಿಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?" ಕಂಪನಿಯಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರಿಗಂತೂ ಗಾಬರಿ ಜಾಸ್ತಿ. ಅಲ್ಲಿ ಮೆಷೀನ್‌ಗಳೆಲ್ಲ ಒಬ್ಬರ ಕೈಯಲ್ಲಿರುತ್ತವೆ. ಇಲ್ಲಿ ಒಂದೊಂದು ಸರ್ವರ್ ಒಬ್ಬೊಬ್ಬ ಪ್ರೊಫೆಸರ್ ತಮ್ಮ ಪ್ರಾಜೆಕ್ಟ್ ಹಣದಲ್ಲಿ ತಂದದ್ದು. ಬಳಸುವ ವಿದ್ಯಾರ್ಥಿಗಳು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಪಿಎಚ್‌ಡಿ ಮಾಡುವವರ ಡೇಟಾ ಮಾತ್ರ ಐದಾರು ವರ್ಷ ಅಲ್ಲೇ ಬೆಳೆಯುತ್ತಾ ಇರುತ್ತದೆ.

ನಾನು ಹೇಳುವುದು ಇಷ್ಟು: ಮೊದಲ ಕೆಲವು ವಾರ ಏನನ್ನೂ ಸುಧಾರಿಸಲು ಹೋಗಬೇಡಿ. ಏನಿದೆ ಎಂದು ತಿಳಿದುಕೊಳ್ಳಿ, ಕಳೆದರೆ ಮರಳಿ ತರುವ ದಾರಿ ಮಾಡಿಕೊಳ್ಳಿ, ಎರಡನ್ನೂ ಬರೆದಿಡಿ. ಹೊಸ ಸಾಫ್ಟ್‌ವೇರ್, ಹೊಸ ನಿಯಮ ಎಲ್ಲ ಆಮೇಲೆ.

ಕೈಯಲ್ಲಿ ಇರಬೇಕಾದದ್ದು

ಒಂದು ದಪ್ಪ ನೋಟ್‌ಬುಕ್ ಅಥವಾ ವಿಭಾಗದವರು ತೆರೆದು ನೋಡಬಹುದಾದ ಒಂದು ಡಾಕ್ಯುಮೆಂಟ್. ಸ್ಟಿಕರ್, ಮಾರ್ಕರ್, ಒಂದು ಟಾರ್ಚ್. ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡಲು ಕೀಪಾಸ್‌ಎಕ್ಸ್‌ಸಿಯಂಥ ಉಚಿತ ಸಾಫ್ಟ್‌ವೇರ್.

ಇವೆಲ್ಲಕ್ಕಿಂತ ಮುಖ್ಯವಾದದ್ದು ವಿಭಾಗದ ಮುಖ್ಯಸ್ಥರ ಸಹಿ ಇರುವ ಒಂದು ಆಫೀಸ್ ಆರ್ಡರ್. ಯಾವ ಮೆಷೀನ್‌ಗಳು ನಿಮ್ಮ ಸುಪರ್ದಿಗೆ, ಯಾವುವು ಪ್ರಾಜೆಕ್ಟ್‌ನವರ ಸುಪರ್ದಿಗೆ, ತುರ್ತಿನಲ್ಲಿ ಸರ್ವರ್ ನಿಲ್ಲಿಸುವ ಅಧಿಕಾರ ಯಾರಿಗೆ ಎಂದು ಅದರಲ್ಲಿ ಇರಬೇಕು. ಬಾಯಿಮಾತಿನಲ್ಲಿ "ನೀವೇ ನೋಡ್ಕೊಳ್ಳಿ" ಎಂದದ್ದು ಏನಾದರೂ ಕೆಟ್ಟ ದಿನ ಯಾರಿಗೂ ನೆನಪಿರುವುದಿಲ್ಲ.

1. ಸುತ್ತಿ ನೋಡಿ, ಪಟ್ಟಿ ಮಾಡಿ

ಪ್ರತಿ ರೂಮಿಗೂ ಹೋಗಿ. ಸರ್ವರ್ ರೂಮ್ ಮಾತ್ರ ಅಲ್ಲ, ಲ್ಯಾಬ್, ಪ್ರೊಫೆಸರ್‌ಗಳ ಚೇಂಬರ್, ಮೆಟ್ಟಿಲ ಕೆಳಗಿನ ಗೂಡು ಕೂಡ. ವಿಭಾಗದ ವೆಬ್‌ಸೈಟ್ ಯಾರದೋ ಮೇಜಿನ ಕೆಳಗಿನ ಹಳೇ ಡೆಸ್ಕ್‌ಟಾಪ್ ಮೇಲೆ ಓಡುತ್ತಿರುವುದು ಅಪರೂಪವೇನಲ್ಲ.

ಒಂದೊಂದು ಮೆಷೀನಿಗೂ ಸ್ಟಿಕರ್ ಅಂಟಿಸಿ, ನೋಟ್‌ಬುಕ್‌ನಲ್ಲಿ ಒಂದೊಂದು ನಮೂದು ಮಾಡಿ. ಮಾದರಿಗೆ ಒಂದು ನೋಡಿ:

"ಜಿಪಿಯು-2. ರೂಮ್ 114, ರ‍್ಯಾಕ್‌ನಲ್ಲಿ ಮೇಲಿಂದ ಮೂರನೆಯದು. ಪ್ರಾಜೆಕ್ಟ್ ಹಣದ್ದು, ಸ್ಟಾಕ್ ರಿಜಿಸ್ಟರ್ ಪುಟ 46. ಉಬುಂಟು 22.04. ಎಂಎಸ್‌ಸಿ ಲ್ಯಾಬ್‌ನ ಜುಪಿಟರ್ ಇದರ ಮೇಲೆ ಓಡುತ್ತದೆ. ಯುಪಿಎಸ್ ಎರಡನೇ ಲೈನ್. ವಾರಂಟಿ ಜೂನ್‌ವರೆಗೆ. ಬ್ಯಾಕಪ್ ಇಲ್ಲ. ನಿಂತರೆ ಮೊದಲು ತಿಳಿಸಬೇಕಾದವರು: ಲ್ಯಾಬ್ ಇನ್‌ಚಾರ್ಜ್."

ಇದರಲ್ಲಿ ಜಿಪಿಯು ಅಂದರೆ ದೊಡ್ಡ ಲೆಕ್ಕಗಳನ್ನು ವೇಗವಾಗಿ ಮಾಡುವ ಕಾರ್ಡ್, ಜುಪಿಟರ್ ಅಂದರೆ ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಸಾಫ್ಟ್‌ವೇರ್. "ಬ್ಯಾಕಪ್ ಇಲ್ಲ" ಎಂದಿರುವ ಕಡೆಯೆಲ್ಲ ಕೆಂಪು ಗುರುತು ಹಾಕಿ. ಮೂರನೇ ಹಂತದಲ್ಲಿ ಅಲ್ಲಿಂದಲೇ ಕೆಲಸ ಶುರು.

ಎಚ್ಚರಿಕೆ: ಯಾರದ್ದು ಎಂದು ಗೊತ್ತಿಲ್ಲದ ಮೆಷೀನನ್ನು "ಆಫ್ ಮಾಡಿದರೆ ಯಾರಾದರೂ ಬಂದು ಕೇಳುತ್ತಾರೆ ಬಿಡಿ" ಎಂದು ಆಫ್ ಮಾಡಬೇಡಿ. ಅದು ಲೈಸೆನ್ಸ್ ಸರ್ವರ್ ಆಗಿರಬಹುದು. ಅಂದರೆ, ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ ತೆರೆದುಕೊಳ್ಳುವ ಮೊದಲು ಅನುಮತಿ ಕೇಳುವ ಮೆಷೀನ್. ಇಂಥ ಎಷ್ಟೋ ಲೈಸೆನ್ಸ್‌ಗಳು ಆ ಮೆಷೀನಿನ ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ಕಾರ್ಡ್‌ನ ಗುರುತಿನ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ವರ್ಷಗಟ್ಟಲೆ ನಿಲ್ಲದೆ ಓಡಿದ ಹಳೇ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ತಿರುಗದೇ ಹೋಗುವುದೂ ಉಂಟು. ಮೊದಲು ಯಾವ ಪೋರ್ಟ್‌ಗಳು (ನೆಟ್‌ವರ್ಕ್‌ನಿಂದ ಒಳಬರುವ ಬಾಗಿಲುಗಳು) ತೆರೆದಿವೆ, ಯಾರು ಬಂದು ಹೋಗುತ್ತಿದ್ದಾರೆ ಎಂದು ಎರಡು ವಾರ ಗಮನಿಸಿ.

2. ಕೀಲಿಗಳು ಯಾರ ಬಳಿ ಇವೆ?

ರೂಟ್ ಪಾಸ್‌ವರ್ಡ್, ಅಂದರೆ ಮೆಷೀನಿನ ಮೇಲೆ ಏನು ಬೇಕಾದರೂ ಮಾಡಬಲ್ಲ ಮುಖ್ಯ ಖಾತೆಯ ಪಾಸ್‌ವರ್ಡ್, ಎಷ್ಟೋ ವಿಭಾಗಗಳಲ್ಲಿ ಹತ್ತು ಜನರಿಗೆ ಗೊತ್ತಿರುತ್ತದೆ. ಅದರಲ್ಲಿ ಅರ್ಧ ಜನ ಕೆಲಸ ಬಿಟ್ಟಿರುತ್ತಾರೆ. ಲ್ಯಾಬ್ ಸಿಬ್ಬಂದಿ ಹೊರಗುತ್ತಿಗೆಯವರಾಗಿದ್ದರೆ ಗುತ್ತಿಗೆ ಬದಲಾದಾಗಲೆಲ್ಲ ಇದೇ ಕತೆ. ರೂಟ್ ಪಾಸ್‌ವರ್ಡ್ ಹಂಚುವುದನ್ನು ನಿಲ್ಲಿಸಿ. ಪ್ರತಿಯೊಬ್ಬರಿಗೂ ಸ್ವಂತ ಖಾತೆ ಕೊಡಿ, ಬೇಕಾದವರಿಗೆ ಬೇಕಾದಷ್ಟೇ ಅಧಿಕಾರವನ್ನು ಸುಡೋ ಮೂಲಕ, ಅಂದರೆ ಸ್ವಂತ ಖಾತೆಯಿಂದಲೇ ರೂಟ್ ಆಜ್ಞೆ ಓಡಿಸುವ ಸೌಲಭ್ಯದ ಮೂಲಕ ಕೊಡಿ. ಯಾರು ಯಾವಾಗ ಏನು ಆಜ್ಞೆ ಕೊಟ್ಟರು ಎಂಬುದು ಆಗ ಲಾಗ್‌ನಲ್ಲಿ, ಅಂದರೆ ಮೆಷೀನಿನ ದಿನಚರಿ ಫೈಲಿನಲ್ಲಿ ಉಳಿಯುತ್ತದೆ.

ಮೆಷೀನ್‌ಗಳು ಐದಾರಕ್ಕಿಂತ ಜಾಸ್ತಿ ಇದ್ದರೆ ಫ್ರೀಐಪಿಎಯಂಥ ಒಂದು ಕೇಂದ್ರ ಖಾತೆ ವ್ಯವಸ್ಥೆ ಹಾಕಿಕೊಳ್ಳಿ. ಒಂದು ಕಡೆ ಖಾತೆ ಮುಚ್ಚಿದರೆ ಎಲ್ಲ ಕಡೆಯೂ ಮುಚ್ಚುತ್ತದೆ.

ಓದು ಮುಗಿಸಿ ಹೋಗುವವರ ಖಾತೆಗೆ ನೋ ಡ್ಯೂ ಫಾರ್ಮ್ ಒಳ್ಳೆಯ ಕೊಂಡಿ. ಲೈಬ್ರರಿ, ಹಾಸ್ಟೆಲ್ ಸಹಿಗಳ ಜೊತೆ "ಸರ್ವರ್ ಖಾತೆ" ಎಂಬ ಒಂದು ಸಾಲು ಸೇರಿಸಲು ವಿಭಾಗದ ಆಫೀಸಿನವರನ್ನು ಕೇಳಿ. ಖರ್ಚಿಲ್ಲದ ಕೆಲಸ, ಆದರೆ ಬಹಳ ಉಪಯೋಗ.

ಖಾತೆ ಮುಚ್ಚುವಾಗ ಜನ ಎಡವುವ ಜಾಗಗಳು:

ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ಆ ವ್ಯಕ್ತಿ ಎಸ್‌ಎಸ್‌ಎಚ್ ಕೀ ಇಟ್ಟಿದ್ದರೆ, ಅಂದರೆ ದೂರದಿಂದ ಲಾಗಿನ್ ಆಗಲು ಪಾಸ್‌ವರ್ಡ್ ಬದಲು ಬಳಸುವ ಕೀಲಿ ಫೈಲ್ ಇಟ್ಟಿದ್ದರೆ, ಅದರಿಂದ ಇನ್ನೂ ಒಳಗೆ ಬರಬಹುದು. ಖಾತೆಯ ಅವಧಿಯನ್ನೇ ಮುಗಿಸಿ.

ಮುಚ್ಚುವ ಮೊದಲು ಅವರ ಹೆಸರಿನ ಕ್ರಾನ್ ಕೆಲಸಗಳನ್ನು, ಅಂದರೆ ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸಗಳನ್ನು ನೋಡಿ. ವಿಭಾಗದ ಬ್ಯಾಕಪ್ಪೇ ಮೂರು ವರ್ಷದ ಹಿಂದೆ ಹೋದ ವಿದ್ಯಾರ್ಥಿಯ ಖಾತೆಯಿಂದ ಓಡುತ್ತಿರಬಹುದು.

ಹೋಮ್ ಡೈರೆಕ್ಟರಿ, ಅಂದರೆ ಅವರ ಸ್ವಂತ ಫೈಲುಗಳ ಫೋಲ್ಡರ್ ಅಳಿಸಬೇಡಿ. ಥೀಸಿಸ್ ಕೊಟ್ಟ ಮೇಲೂ ವೈವಾ ಇರುತ್ತದೆ, ತಿದ್ದುಪಡಿ ಇರುತ್ತದೆ, ಜರ್ನಲ್‌ನವರು ಮೂಲ ಡೇಟಾ ಕೇಳುತ್ತಾರೆ. ಆರ್ಕೈವ್‌ಗೆ ಸಾಗಿಸಿ, ಗೈಡ್‌ಗೆ ಒಂದು ಮೇಲ್ ಹಾಕಿ.

ಹಳೇ ಖಾತೆಯ ಯೂಸರ್ ಸಂಖ್ಯೆಯನ್ನು ಹೊಸಬರಿಗೆ ಕೊಡಬೇಡಿ. ಲಿನಕ್ಸ್ ಫೈಲಿನ ಒಡೆಯನನ್ನು ಹೆಸರಿನಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಸಂಖ್ಯೆ ಮರಳಿ ಬಳಸಿದರೆ ನಿನ್ನೆ ಸೇರಿದ ವಿದ್ಯಾರ್ಥಿ ಹಳಬರ ಫೈಲುಗಳಿಗೆಲ್ಲ ಒಡೆಯನಾಗುತ್ತಾನೆ.

ಇನ್ನು ನಿಮ್ಮ ಕೀಲಿಗಳು. ಕೀಪಾಸ್ ಫೈಲಿನ ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಮೊಹರು ಮಾಡಿ ಮುಖ್ಯಸ್ಥರ ಬೀರುವಿನಲ್ಲಿಡಿ. ಪಾಸ್‌ವರ್ಡ್ ಬದಲಾಯಿಸಿದಾಗ ಲಕೋಟೆಯೂ ಬದಲಾಗಬೇಕು.

3. ಬ್ಯಾಕಪ್: ಮರಳಿ ತಂದು ನೋಡಿದರೆ ಮಾತ್ರ ಅದು ಬ್ಯಾಕಪ್

ಇಲ್ಲಿ ಆತುರ ಬೇಡ. ವಿಭಾಗದಲ್ಲಿ ಮಿಕ್ಕ ಏನು ಹೋದರೂ ದುಡ್ಡು ಕೊಟ್ಟರೆ ಬರುತ್ತದೆ. ಒಬ್ಬ ಹುಡುಗಿ ನಾಲ್ಕು ವರ್ಷ ಕೂತು ತೆಗೆದ ಅಳತೆಗಳು ಬರುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ರೇಡ್ ಇದೆ ಸರ್, ಬ್ಯಾಕಪ್ ಯಾಕೆ?" ಎಂದು ಕೇಳುವವರು ತುಂಬ ಜನ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ ಏರ್ಪಾಡು. ರೇಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ರೇಡ್ 6 ಎರಡು ಹೋದರೂ ತಡೆದುಕೊಳ್ಳುತ್ತದೆ. ಆದರೆ ಯಾರೋ ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ಶ್ರದ್ಧೆಯಿಂದ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೂ ಅಷ್ಟೆ, ಸಿಡಿಲು ಹೊಡೆದರೂ ಅಷ್ಟೆ.

ಹಳೆಯ ಸೂತ್ರ ಇಂದಿಗೂ ಸರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಿಮ್ಮ ಕ್ಯಾಂಪಸ್‌ನ ಕಂಪ್ಯೂಟರ್ ಸೆಂಟರ್ ಬೇರೆ ಕಟ್ಟಡದಲ್ಲಿದ್ದರೆ ಅಲ್ಲಿ ಒಂದು ಸ್ಟೋರೇಜ್ ಇಡಲು ಕೇಳಿ. ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಎಲ್ಲವನ್ನೂ ತೆಗೆದುಕೊಳ್ಳಲು ಹೋದರೆ ಜಾಗ ಸಾಲುವುದಿಲ್ಲ. ಹೋಮ್ ಡೈರೆಕ್ಟರಿಗಳು, ಡೇಟಾಬೇಸ್‌ಗಳು, ಸರ್ವರ್‌ನ ಸೆಟ್ಟಿಂಗ್ ಫೈಲುಗಳು, ಲೈಸೆನ್ಸ್ ಫೈಲುಗಳು ಬೇಕೇ ಬೇಕು. ಇಂಟರ್‌ನೆಟ್‌ನಿಂದ ಮತ್ತೆ ಇಳಿಸಿಕೊಳ್ಳಬಹುದಾದ ಡೇಟಾಸೆಟ್, ಕೊಂಡಾ ಎಂಬ ಸಾಫ್ಟ್‌ವೇರ್ ಮೂಲಕ ಹಾಕಿಕೊಂಡ ಪ್ಯಾಕೇಜ್‌ಗಳು ಬೇಡ. ಡೇಟಾಬೇಸ್ ಓಡುತ್ತಿರುವಾಗ ಅದರ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದರೆ ಆ ಪ್ರತಿ ಕೈಕೊಡಬಹುದು. ಡೇಟಾಬೇಸ್‌ನದೇ ಡಂಪ್ ಆಜ್ಞೆಯಿಂದ ಪ್ರತಿ ತೆಗೆಯಿರಿ. ರೆಸ್ಟಿಕ್, ಬೋರ್ಗ್ ಎರಡೂ ಉಚಿತ ಬ್ಯಾಕಪ್ ಸಾಫ್ಟ್‌ವೇರ್, ಎರಡೂ ಬದಲಾದ ಭಾಗವನ್ನಷ್ಟೇ ಉಳಿಸುತ್ತವೆ. ಅವುಗಳ ಗೂಢಲಿಪಿ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ಪೂ ಕಳೆದಂತೆ. ಅದೂ ಆ ಲಕೋಟೆಗೆ ಸೇರಲಿ.

ಇನ್ನೊಂದು ಮಾತು: ಬ್ಯಾಕಪ್ ಸರ್ವರೇ ಬಂದು ಡೇಟಾ ಎಳೆದುಕೊಳ್ಳುವಂತಿರಲಿ. ಇತರ ಸರ್ವರ್‌ಗಳು ತಾವೇ ಹೋಗಿ ಅದರೊಳಗೆ ಬರೆಯುವಂತಿದ್ದರೆ, ಒಂದಕ್ಕೆ ನುಗ್ಗಿದವನು ಬ್ಯಾಕಪ್ಪನ್ನೂ ಅಳಿಸಬಲ್ಲ.

ಬ್ಯಾಕಪ್ ಸ್ಕ್ರಿಪ್ಟ್, ಅಂದರೆ ಬ್ಯಾಕಪ್‌ನ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್ ಕೂಡ ಅಪಾಯ ತರಬಲ್ಲದು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಿಂದ ಸುಮಾರು 77 ಟೆರಾಬೈಟ್ ಸಂಶೋಧನೆಯ ಡೇಟಾ ಅಳಿದುಹೋಯಿತು. 14 ಸಂಶೋಧನಾ ತಂಡಗಳ ಫೈಲುಗಳು ಹೋದವು, ಅವುಗಳಲ್ಲಿ 4 ತಂಡಗಳಿಗೆ ಬ್ಯಾಕಪ್‌ನಿಂದಲೂ ಸಿಗಲಿಲ್ಲ. ಕಾರಣ ಇಷ್ಟೆ: ಹಳೆಯ ಲಾಗ್ ಫೈಲುಗಳನ್ನು ಅಳಿಸುವ ಭಾಗವಿದ್ದ ಒಂದು ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತಿದ್ದಾಗಲೇ ಅದರ ಮೇಲೆ ಹೊಸ ಆವೃತ್ತಿ ಹಾಕಿದರು. ಇಂಥ ಆಜ್ಞೆಗಳನ್ನು ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಮ್ ಸ್ಕ್ರಿಪ್ಟನ್ನು ಮೊದಲೇ ಪೂರ್ತಿ ಓದಿಕೊಳ್ಳುವುದಿಲ್ಲ, ಓಡುತ್ತಾ ಓಡುತ್ತಾ ಓದುತ್ತದೆ. ನಡುವೆ ಫೈಲ್ ಬದಲಾಗಿ, ಯಾವ ಡೈರೆಕ್ಟರಿ ಎಂದು ಹೇಳುವ ವೇರಿಯಬಲ್, ಅಂದರೆ ಆ ಹೆಸರು ತುಂಬಬೇಕಾದ ಜಾಗ ಖಾಲಿ ಉಳಿಯಿತು. ಲಾಗ್ ಅಳಿಸಬೇಕಾದ ಆಜ್ಞೆ ಡೇಟಾ ಅಳಿಸಿತು.

ಇದರಿಂದ ನಾವು ಪಾಲಿಸಬಹುದಾದದ್ದು ಮೂರು. ಓಡುತ್ತಿರುವ ಸ್ಕ್ರಿಪ್ಟ್ ಮೇಲೆ ಕೈ ಹಾಕಬೇಡಿ, ಹೊಸದನ್ನು ಬೇರೆ ಹೆಸರಲ್ಲಿ ಹಾಕಿ ಆಮೇಲೆ ಬದಲಿಸಿ. ಖಾಲಿ ವೇರಿಯಬಲ್ ಕಂಡರೆ ಅಲ್ಲೇ ನಿಲ್ಲುವಂತೆ ಪ್ರತಿ ಸ್ಕ್ರಿಪ್ಟ್‌ನ ಮೊದಲಲ್ಲೇ ಹೇಳಿಡಿ. ಅಳಿಸುವ ಆಜ್ಞೆ ಇರುವ ಸ್ಕ್ರಿಪ್ಟನ್ನು ಇನ್ನೊಬ್ಬರು ಓದದೆ ಓಡಿಸಬೇಡಿ.

ಈಗ ಪರೀಕ್ಷೆ. ಸೆಮಿಸ್ಟರ್‌ಗೆ ಒಮ್ಮೆ ಒಬ್ಬ ವಿದ್ಯಾರ್ಥಿಯ ಒಂದು ಫೈಲ್ ಆರಿಸಿ, ಒಂದು ತಿಂಗಳ ಹಿಂದಿನ ಪ್ರತಿಯನ್ನು ಮರಳಿ ತನ್ನಿ. ತೆರೆದು ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ವರ್ಷಕ್ಕೊಮ್ಮೆ ಒಂದು ಡೇಟಾಬೇಸ್ ಪೂರ್ತಿಯನ್ನು ಖಾಲಿ ಮೆಷೀನಿನ ಮೇಲೆ ಎಬ್ಬಿಸಿ ನೋಡಿ. ಈ ಕೆಲಸವನ್ನು ನಿಮ್ಮ ಜೂನಿಯರ್ ನೋಟ್‌ಬುಕ್ ಮಾತ್ರ ನೋಡಿಕೊಂಡು ಮಾಡಲಿ, ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಬರಹ ಸಾಲದು ಎಂದರ್ಥ. ಕೂಡಲೇ ತಿದ್ದಿ.

4. ಕರೆಂಟ್, ಎಸಿ, ಅರ್ಥಿಂಗ್

ಪುಸ್ತಕಗಳಲ್ಲಿ ಇದಕ್ಕೆ ಅರ್ಧ ಪುಟ. ನಮ್ಮ ಕಟ್ಟಡಗಳಲ್ಲಿ ಅರ್ಧ ತೊಂದರೆ ಇಲ್ಲಿಂದಲೇ.

ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವ ಸೀಲ್ಡ್ ಬ್ಯಾಟರಿಗಳು 3ರಿಂದ 5 ವರ್ಷ ಬಾಳುತ್ತವೆ, ಸೆಖೆ ಜಾಸ್ತಿ ಇದ್ದಲ್ಲಿ ಇನ್ನೂ ಕಡಿಮೆ. ಬ್ಯಾಟರಿ ಹಾಕಿದ ತಿಂಗಳು, ವರ್ಷವನ್ನು ಬ್ಯಾಟರಿ ಮೇಲೆಯೇ ಮಾರ್ಕರ್‌ನಲ್ಲಿ ಬರೆಯಿರಿ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಲು ಹೇಳಿ. ಸಾಮಾನ್ಯವಾಗಿ 2-3 ವೋಲ್ಟ್ ಒಳಗಿರಬೇಕು. ಜಾಸ್ತಿ ಇದ್ದರೆ ಅರ್ಥಿಂಗ್ ಗುಂಡಿ ನೋಡಿಸಿ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಶುರುವಾಗುವ ಮೊದಲೇ ಇದು ಆಗಬೇಕು. ಎರಡು ಕಟ್ಟಡಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ತೆಗೆಸಿ ಫೈಬರ್ ಹಾಕಿಸಿ. ಸಿಡಿಲಿನ ಹೊಡೆತ ತಾಮ್ರದ ತಂತಿ ಹಿಡಿದು ಸ್ವಿಚ್‌ಗಳವರೆಗೆ ಬರುತ್ತದೆ, ಗಾಜಿನ ಎಳೆಯಲ್ಲಿ ಬರುವುದಿಲ್ಲ.

ಸರ್ವರ್ ರೂಮ್‌ನ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಕು, ನಡುಗುವಷ್ಟು ತಣ್ಣಗೆ ಬೇಡ. ಒಂದು ದೊಡ್ಡ ಎಸಿಗಿಂತ ಸರದಿಯಲ್ಲಿ ಓಡುವ ಎರಡು ಎಸಿ ಒಳ್ಳೆಯದು. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ.

ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ಕೇಬಲ್ ಎಳೆದು ನಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ, ಬ್ಯಾಟರಿ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ನಿಲ್ಲುತ್ತದೆ. ಆ ಕ್ರಮ ದಸರಾ ರಜೆಯಲ್ಲಿ ಲೈನ್ ರಿಪೇರಿಗೆ ಕರೆಂಟ್ ತೆಗೆಯುವಾಗಲೂ ಬೇಕು. ನಿಲ್ಲಿಸುವಾಗ ಮೊದಲು ಲೆಕ್ಕ ಮಾಡುವ ಮೆಷೀನ್‌ಗಳು, ಆಮೇಲೆ ವೆಬ್‌ಸೈಟ್ ಮುಂತಾದವು, ಆಮೇಲೆ ಖಾತೆಗಳ ಸರ್ವರ್, ಸ್ಟೋರೇಜ್, ಕೊನೆಗೆ ನೆಟ್‌ವರ್ಕ್ ಸ್ವಿಚ್. ಶುರು ಮಾಡುವಾಗ ಇದನ್ನೇ ಹಿಂದುಮುಂದಾಗಿ ಮಾಡಿ. ಸ್ಟೋರೇಜ್ ಪೂರ್ತಿ ಏಳುವ ಮೊದಲೇ ಉಳಿದವನ್ನು ಎಬ್ಬಿಸಿದರೆ ಹೋಮ್ ಡೈರೆಕ್ಟರಿ ಸಿಗದೆ ಎಲ್ಲವೂ ಒದ್ದಾಡುತ್ತವೆ. ಈ ಪಟ್ಟಿ ಪ್ರಿಂಟ್ ಮಾಡಿ ಸರ್ವರ್ ರೂಮ್ ಬಾಗಿಲ ಒಳಬದಿಗೆ ಅಂಟಿಸಿ. ಕರೆಂಟ್ ಹೋದಾಗ ಕಂಪ್ಯೂಟರಿನಲ್ಲಿರುವ ಪಟ್ಟಿ ತೆರೆಯಲು ಆಗುವುದಿಲ್ಲ ಅಲ್ವಾ?

5. ಅಪ್‌ಡೇಟ್‌ಗೆ ಒಂದು ಕ್ಯಾಲೆಂಡರ್

ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆವೃತ್ತಿಯ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪಟ್ಟಿಯಲ್ಲಿ ಇವು ಇನ್ನೂ ಇದ್ದರೆ ಬದಲಾಯಿಸುವ ಸರದಿಯಲ್ಲಿ ಮೊದಲು ಬರೆದುಕೊಳ್ಳಿ. ಸೆಂಟ್‌ಓಎಸ್ ಬಳಕೆ ಇದ್ದವರಿಗೆ ರಾಕಿ ಅಥವಾ ಆಲ್ಮಾ ಲಿನಕ್ಸ್ ಹತ್ತಿರದ ದಾರಿ.

ಅಪ್‌ಡೇಟ್ ದಿನವನ್ನು ಪರೀಕ್ಷಾ ವೇಳಾಪಟ್ಟಿ ನೋಡಿ ಗೊತ್ತು ಮಾಡಿ. ಪ್ರಾಕ್ಟಿಕಲ್ ಪರೀಕ್ಷೆಯ ವಾರ ಲ್ಯಾಬ್ ಮೆಷೀನ್‌ಗಳನ್ನು ಮುಟ್ಟಲೇಬೇಡಿ. ತುರ್ತು ಭದ್ರತಾ ತೇಪೆ ಇದ್ದರೆ ಮಾತ್ರ, ಅದೂ ಮುಖ್ಯಸ್ಥರಿಗೆ ಹೇಳಿ.

ಜಿಪಿಯು ಸರ್ವರ್‌ಗಳಲ್ಲಿ ಪದೇ ಪದೇ ಆಗುವುದು ಇದು: ರಾತ್ರಿ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ ತಾನಾಗಿ ಅಪ್‌ಡೇಟ್ ಆಗುತ್ತದೆ, ಮುಂದಿನ ರೀಬೂಟ್ ನಂತರ ಎನ್‌ವಿಡಿಯಾ ಡ್ರೈವರ್ (ಜಿಪಿಯು ಓಡಿಸುವ ಸಾಫ್ಟ್‌ವೇರ್) ಹೊಸ ಕರ್ನೆಲ್‌ಗೆ ಹೊಂದದೆ ಜಿಪಿಯು ಕಾಣೆಯಾಗುತ್ತದೆ. ಕರ್ನೆಲ್ ಮತ್ತು ಡ್ರೈವರ್‌ಗಳ ಸ್ವಯಂ ಅಪ್‌ಡೇಟ್ ತಡೆದಿಟ್ಟು, ಎರಡನ್ನೂ ಒಟ್ಟಿಗೆ ನೀವೇ ನಿಂತು ಮಾಡಿ. ಮುಂದಕ್ಕೆ ಹಾಕಿ ಮರೆಯುವಂತಿಲ್ಲ, ತಿಂಗಳಿಗೊಂದು ದಿನ ಇಡಿ.

ವೆಬ್‌ಸೈಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟ್, ಅಂದರೆ ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಪತ್ರ ಬಳಸುತ್ತಿದ್ದರೆ ಅದರ ಅವಧಿ 90 ದಿನ ಅಥವಾ ಅದಕ್ಕಿಂತ ಕಡಿಮೆ. ಮುಗಿಯುವ ಮುನ್ನ ಅವರು ಕಳಿಸುತ್ತಿದ್ದ ಇಮೇಲ್ ಸೂಚನೆ 2025ರಲ್ಲಿ ನಿಂತಿದೆ. ನಿಮ್ಮದೇ ಎಚ್ಚರಿಕೆ ಗಂಟೆ ಇಟ್ಟುಕೊಳ್ಳಿ.

6. ಹಂಚಿಕೊಂಡು ಬಳಸುವ ನಿಯಮ

ನಾಲ್ಕು ಜಿಪಿಯು, ಮೂವತ್ತು ವಿದ್ಯಾರ್ಥಿಗಳು. ನಿಯಮ ಇಲ್ಲದಿದ್ದರೆ ರಾತ್ರಿ ಎದ್ದು ಕೂತವರಿಗೆ ಸಿಗುತ್ತದೆ, ಮಿಕ್ಕವರಿಗೆ ಇಲ್ಲ. ಸ್ಲರ್ಮ್ ಎಂಬ ಉಚಿತ ಶೆಡ್ಯೂಲರ್ ಹಾಕಿ. ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ, ಸರದಿ ಬಂದಾಗ ಜಿಪಿಯು ಕೊಡುವ ಸಾಫ್ಟ್‌ವೇರ್ ಅದು. ಜಾಸ್ತಿ ಬಳಸಿದವರ ಸರದಿ ಸ್ವಲ್ಪ ಹಿಂದೆ ಹೋಗುವಂತೆ ಅದರಲ್ಲೇ ಹೇಳಿಡಬಹುದು. ಜುಪಿಟರ್ ತೆರೆದಿಟ್ಟು ಊಟಕ್ಕೆ ಹೋದವರ ಜುಪಿಟರ್ ಪುಟ ಜಿಪಿಯು ಮೆಮೊರಿ ಹಿಡಿದೇ ಇರುತ್ತದೆ. ಅದಕ್ಕೆ ಸಮಯದ ಮಿತಿ ಬೇಕು.

ನಿಯಮಗಳನ್ನು ನೀವೊಬ್ಬರೇ ಮಾಡಬೇಡಿ. ಇಬ್ಬರು ಪ್ರೊಫೆಸರ್, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಕೂತು ಮಾಡಲಿ, ನೀವು ಜಾರಿಗೆ ತನ್ನಿ. "ನಮ್ಮ ಹುಡುಗನಿಗೆ ಇವತ್ತೊಂದು ದಿನ ಬಿಡಿ" ಎಂದು ಫೋನ್ ಬಂದಾಗ "ಕಮಿಟಿಯ ನಿಯಮ ಹೀಗಿದೆ ಸರ್" ಎನ್ನಲು ಆಗ ನಿಮಗೆ ನೆಲೆ ಇರುತ್ತದೆ.

ಸ್ಟೋರೇಜ್‌ಗೂ ಮಿತಿ ಹಾಕಿ. ಜಾಗದ ಜೊತೆಗೆ ಫೈಲುಗಳ ಸಂಖ್ಯೆಗೂ. ಡಿಸ್ಕ್‌ನಲ್ಲಿ ಜಾಗ ಇದ್ದರೂ "ಜಾಗ ಇಲ್ಲ" ಎಂದು ಬಂದರೆ ಐನೋಡ್‌ಗಳು, ಅಂದರೆ ಫೈಲಿನ ವಿವರ ಬರೆದಿಡುವ ನಮೂದುಗಳು ಮುಗಿದಿರಬಹುದು. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು, ಎಷ್ಟೋ ಫೈಲ್ ಸಿಸ್ಟಮ್‌ಗಳಲ್ಲಿ ಅವುಗಳ ಸಂಖ್ಯೆ ಮೊದಲೇ ನಿಗದಿ. ಲಕ್ಷಗಟ್ಟಲೆ ಪುಟ್ಟ ಚಿತ್ರಗಳ ಒಂದು ಡೇಟಾಸೆಟ್ ಬಿಚ್ಚಿದರೆ ಸಾಕು, ಮುಗಿಯುತ್ತವೆ.

7. ಭದ್ರತೆ

ಹೊರಗಿನಿಂದ ಎಸ್‌ಎಸ್‌ಎಚ್ ಬರುವುದು ಒಂದೇ ಬಾಗಿಲಿನಿಂದ ಆಗಲಿ, ಪಾಸ್‌ವರ್ಡ್ ಬದಲು ಕೀ ಇರಲಿ. ಸರ್ವರ್ ಆಫ್ ಇದ್ದರೂ ದೂರದಿಂದ ನಿಯಂತ್ರಿಸುವ ಮ್ಯಾನೇಜ್‌ಮೆಂಟ್ ಪೋರ್ಟ್ ಹೊರಗಿನ ಯಾರಿಗೂ ಸಿಗುವ ಸಾರ್ವಜನಿಕ ಐಪಿ (ನೆಟ್‌ವರ್ಕ್ ವಿಳಾಸ) ಮೇಲೆ ಖಂಡಿತ ಇರಬಾರದು. ಅದರ ಕಾರ್ಖಾನೆಯ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಬೇಕು.

ಭೌತಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳಲ್ಲಿ ದುಬಾರಿ ಉಪಕರಣಗಳ ಜೊತೆ ವಿಂಡೋಸ್ 7 ಅಥವಾ ಎಕ್ಸ್‌ಪಿ ಮೆಷೀನ್ ಇರುತ್ತದೆ. ಉಪಕರಣದ ಸಾಫ್ಟ್‌ವೇರ್ ಹೊಸದರಲ್ಲಿ ಓಡದು, ಬದಲಾಯಿಸಲು ಆಗದು. ಅದನ್ನು ಇಂಟರ್‌ನೆಟ್ ಇಲ್ಲದ ಪ್ರತ್ಯೇಕ ವಿಲ್ಯಾನ್‌ನಲ್ಲಿ, ಅಂದರೆ ಬೇಲಿ ಹಾಕಿದ ನೆಟ್‌ವರ್ಕ್ ತುಂಡಿನಲ್ಲಿ ಇಡಿ. ಡೇಟಾ ತೆಗೆಯಲು ಒಂದು ಫೋಲ್ಡರ್ ಮಾತ್ರ ತೆರೆದಿಡಿ. ಇಲ್ಲದಿದ್ದರೆ ಪೆನ್‌ಡ್ರೈವ್‌ಗಳು ಓಡಾಡುತ್ತವೆ, ವೈರಸ್ ಅವುಗಳಲ್ಲೇ ಬರುತ್ತದೆ.

ಜರ್ನಲ್‌ಗಳ ವಿಷಯ ಹಲವರಿಗೆ ಗೊತ್ತಿಲ್ಲ. 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತಿವೆ. ಒಬ್ಬ ವಿದ್ಯಾರ್ಥಿ ಸ್ಕ್ರಿಪ್ಟ್ ಬರೆದು ಸಾವಿರಾರು ಲೇಖನ ಒಂದೇ ರಾತ್ರಿ ಇಳಿಸಿದರೆ ಪ್ರಕಾಶಕರು ಆ ಐಪಿಯನ್ನೇ ಮುಚ್ಚಬಹುದು. ಇಡೀ ಕ್ಯಾಂಪಸ್ ಒಂದೇ ಐಪಿಯಿಂದ ಹೊರಹೋಗುತ್ತಿದ್ದರೆ ಎಲ್ಲರಿಗೂ ಬಂದ್. ಹೊಸ ಬ್ಯಾಚ್ ಬಂದಾಗಲೇ ಇದನ್ನು ಹೇಳಿ.

ಯಾರಾದರೂ ನುಗ್ಗಿದ್ದಾರೆ ಎನಿಸಿದರೆ ಮೆಷೀನ್ ಫಾರ್ಮ್ಯಾಟ್ ಮಾಡಲು ಓಡಬೇಡಿ, ಸಾಕ್ಷಿ ಹೋಗುತ್ತದೆ. ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಕಂಪ್ಯೂಟರ್ ಸೆಂಟರ್‌ಗೆ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಸೂಚನೆಯ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಹಾಗಾಗಿ ಲಾಗ್‌ಗಳನ್ನು ಬೇರೆ ಒಂದು ಸರ್ವರ್‌ಗೆ ಕಳಿಸುವ ಏರ್ಪಾಡು ಈಗಲೇ ಮಾಡಿ. ಎಲ್ಲ ಮೆಷೀನ್‌ಗಳ ಗಡಿಯಾರವೂ ಒಂದೇ ಸಮಯ ತೋರಿಸಲಿ, ಇಲ್ಲದಿದ್ದರೆ ಆ ಲಾಗ್‌ಗಳನ್ನು ಜೋಡಿಸಿ ಓದಲು ಆಗುವುದಿಲ್ಲ.

8. ಖರೀದಿ ಮತ್ತು ವಿಲೇವಾರಿ

ಮಾರ್ಚ್ 31 ಹತ್ತಿರ ಬಂದಾಗ "ಹಣ ಉಳಿದಿದೆ, ಏನು ಬೇಕು ಬೇಗ ಹೇಳಿ" ಎಂದು ಕರೆ ಬರುತ್ತದೆ. ಆ ಹೊತ್ತಿಗೆ ಸ್ಪೆಸಿಫಿಕೇಷನ್ ಬರೆಯಲು ಕೂತರೆ ಬೇಡದ್ದು ಬರುತ್ತದೆ. ಡಿಸೆಂಬರ್‌ನಲ್ಲೇ ಮೂರು ಪಟ್ಟಿ ತಯಾರಿರಲಿ: ಬೇಕೇ ಬೇಕಾದದ್ದು, ಇದ್ದರೆ ಒಳ್ಳೆಯದು, ಚಿಲ್ಲರೆ ಸಾಮಾನು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಮೂಲಕವಾಗಲಿ, ಟೆಂಡರ್ ಮೂಲಕವಾಗಲಿ, ಸರ್ವರ್ ಬೆಲೆಯ ಜೊತೆಗೆ 5 ವರ್ಷದ ವಾರಂಟಿಯನ್ನೂ ಸೇರಿಸಿ ಕೇಳಿ. ಆಮೇಲೆ ಎಎಂಸಿಗೆ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣ ಮಂಜೂರು ಮಾಡಿಸುವುದು ಬಹಳ ಕಷ್ಟ. ಕೆಟ್ಟ ಡಿಸ್ಕ್ ಮರಳಿಸದೆ ನಮ್ಮ ಬಳಿಯೇ ಇಟ್ಟುಕೊಳ್ಳುವ ಷರತ್ತನ್ನೂ ಬರೆಯಿರಿ.

ಹಳೇ ಮೆಷೀನ್‌ಗಳನ್ನು ಕಂಡೆಮ್ ಮಾಡಿ, ಅಂದರೆ ಬಳಕೆಗೆ ಬಾರದ್ದೆಂದು ಬರೆದು ಹರಾಜಿಗೆ ಕಳಿಸುವಾಗಲೂ ಡಿಸ್ಕ್ ನಿಮ್ಮ ಕೈಯಲ್ಲೇ ಉಳಿಯಬೇಕು. ಅದರಲ್ಲಿ ವಿದ್ಯಾರ್ಥಿಗಳ ಅಂಕಗಳು, ಆಧಾರ್ ಪ್ರತಿಗಳು, ಪ್ರಶ್ನೆಪತ್ರಿಕೆಗಳು ಇರಬಹುದು. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಡೇಟಾ ಪೂರ್ತಿ ಹೋಗುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಮೇಲೆ ಒಮ್ಮೆ ಸೊನ್ನೆ ಬರೆಸಿ. ಎಸ್‌ಎಸ್‌ಡಿಗೆ ಅದು ಸಾಲದು, ಅದರದೇ ಸೆಕ್ಯೂರ್ ಎರೇಸ್ ಆಜ್ಞೆ ಬಳಸಿ. ಓಡದೇ ಇರುವ ಹಾರ್ಡ್ ಡಿಸ್ಕ್‌ಗೆ ವರ್ಕ್‌ಶಾಪ್‌ನಲ್ಲಿ ಡ್ರಿಲ್ ಹಾಕಿಸಿ, ತಟ್ಟೆಗಳನ್ನೆಲ್ಲ ದಾಟುವಂತೆ. ಎಸ್‌ಎಸ್‌ಡಿ ಆದರೆ ಒಳಗಿನ ಚಿಪ್‌ಗಳೆಲ್ಲ ಪುಡಿಯಾಗಬೇಕು. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್, ಅಳಿಸಿದ ವಿಧಾನ, ತಾರೀಖು ಬರೆದು, ನೀವು ಮತ್ತು ಸ್ಟೋರ್ಸ್‌ನವರು ಇಬ್ಬರೂ ಸಹಿ ಹಾಕಿ. ಆ ಹಾಳೆಯ ಒಂದು ಪ್ರತಿ ಸ್ಟಾಕ್ ರಿಜಿಸ್ಟರ್‌ಗೆ ಅಂಟಿಸಿದ ಮೇಲೆಯೇ ಮೆಷೀನ್ ಲಾರಿಗೆ ಹತ್ತಲಿ.